ಬ್ಯಾಟಿನೊಳಗಿನ ಬೆಂಡು

2003ರ ಜೂನ್ 3ರಂದು ಅಮೆರಿಕದ ಷಿಕಾಗೊ ನಗರದ ರಿಗ್ಲಿ ಫೀಲ್ಡ್ ಮೈದಾನದಲ್ಲಿ ಒಂದು ಬ್ಯಾಟು ಮುರಿಯಿತು. ಬೇಸ್‌ಬಾಲ್ ಆಟದಲ್ಲಿ ಬ್ಯಾಟು ಮುರಿಯುವುದು ಹೊಸದೇನಲ್ಲ. ಆದರೆ ಚೂರುಗಳನ್ನು ಎತ್ತಿ ನೋಡಿದ ಅಂಪೈರ್ ಟಿಮ್ ಮೆಕ್ಲೆಲಂಡ್‌ಗೆ ಮರದ ನಡುವೆ ಹುದುಗಿಸಿಟ್ಟ ಕಾರ್ಕ್ ಕಂಡಿತು. ಬ್ಯಾಟಿನ ಒಡೆಯ, 'ಷಿಕಾಗೊ ಕಬ್ಸ್' ತಂಡದ ಸ್ಯಾಮಿ ಸೋಸಾ, ತಕ್ಷಣವೇ ಆಟದಿಂದ ಹೊರಬಿದ್ದ.

ಸೋಸಾ ಸಾಮಾನ್ಯ ಆಟಗಾರನಲ್ಲ. ಡೊಮಿನಿಕನ್ ಗಣರಾಜ್ಯದ ಬಡತನದಿಂದ ಬಂದವನು; ಬಾಲ್ಯದಲ್ಲಿ ಬೀದಿಯಲ್ಲಿ ಷೂ ಪಾಲಿಷ್ ಮಾಡಿದವನು. 1994ರ ಆಟಗಾರರ ಮುಷ್ಕರದಿಂದ ಬೇಸರಗೊಂಡಿದ್ದ ಪ್ರೇಕ್ಷಕರನ್ನು ಮತ್ತೆ ಮೈದಾನಕ್ಕೆ ಕರೆತಂದದ್ದು 1998ರಲ್ಲಿ ಅವನಿಗೂ ಮಾರ್ಕ್ ಮೆಕ್‌ಗ್ವೈರ್‌ಗೂ ನಡೆದ ಹೋಂ ರನ್ ಪೈಪೋಟಿ. ಹೋಂ ರನ್ ಎಂದರೆ ಹೆಚ್ಚುಕಡಿಮೆ ನಮ್ಮ ಸಿಕ್ಸರ್. ಆ ವರ್ಷ ಮೆಕ್‌ಗ್ವೈರ್ 70, ಸೋಸಾ 66 ಹೋಂ ರನ್ ಬಾರಿಸಿ 1961ರ 61ರ ದಾಖಲೆಯನ್ನು ಇಬ್ಬರೂ ದಾಟಿದರು.

ಬೇಸ್‌ಬಾಲ್ ಬ್ಯಾಟು ಒನಕೆಯಂತೆ ಉರುಟು. ವೃತ್ತಿಪರ ಆಟದಲ್ಲಿ ಅದು ಒಂದೇ ಗಟ್ಟಿ ಮರದ ತುಂಡಾಗಿರಬೇಕೆಂಬುದು ನಿಯಮ. ಮೋಸಗಾರರು ಅದರ ತುದಿಯಿಂದ ಸುಮಾರು ಒಂದು ಅಂಗುಲ ಅಗಲದ ರಂಧ್ರ ಕೊರೆದು, ಒಳಗೆ ಕಾರ್ಕ್ ತುಂಬಿ, ಮರದ ಪುಡಿ ಮತ್ತು ಅಂಟಿನಿಂದ ಬಾಯಿ ಮುಚ್ಚಿ ಉಜ್ಜಿ ನಯಗೊಳಿಸುತ್ತಾರೆ. ಕಾರ್ಕ್ ಮಾತ್ರವೇ ತುಂಬಬೇಕೆಂದೇನೂ ಇಲ್ಲ. 1974ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಗ್ರೇಗ್ ನೆಟಲ್ಸ್‌ನ ಬ್ಯಾಟು ಒಡೆದಾಗ ಮಕ್ಕಳು ಆಡುವ ಪುಟಿಯುವ ರಬ್ಬರ್ ಚೆಂಡುಗಳು ಅದರೊಳಗಿಂದ ಹಾರಿಬಂದವೆಂಬ ಕಥೆಯೂ ಇದೆ!

ಇನ್ನೂ ವಿಚಿತ್ರವಾದದ್ದು 1994ರ ಜುಲೈ 15ರ ಪ್ರಸಂಗ. ಆಗಿನ 'ಕ್ಲೀವ್‌ಲ್ಯಾಂಡ್ ಇಂಡಿಯನ್ಸ್' ತಂಡದ ಆಲ್ಬರ್ಟ್ ಬೆಲ್‌ನ ಬ್ಯಾಟಿನ ಮೇಲೆ ಎದುರಾಳಿ ತಂಡಕ್ಕೆ ಗುಮಾನಿ ಬಂದು, ಅಂಪೈರ್ ಅದನ್ನು ತನ್ನ ಕೋಣೆಯಲ್ಲಿಟ್ಟು ಬೀಗ ಹಾಕಿದ. ಆಟ ನಡೆಯುತ್ತಿದ್ದಾಗಲೇ ಕ್ಲೀವ್‌ಲ್ಯಾಂಡ್‌ನ ಬೌಲರ್ ಜೇಸನ್ ಗ್ರಿಮ್ಸ್‌ಲಿ ಚಾವಣಿಯೊಳಗೆ ತೆವಳಿಕೊಂಡು ಹೋಗಿ, ಆ ಕೋಣೆಗಿಳಿದು ಬ್ಯಾಟನ್ನು ಬದಲಾಯಿಸಿದ. ಆದರೆ ಅಲ್ಲಿ ಇಟ್ಟು ಬಂದ ಬ್ಯಾಟಿನ ಮೇಲೆ ಇದ್ದದ್ದು ಬೇರೊಬ್ಬ ಆಟಗಾರನ, ಪಾಲ್ ಸೊರೆಂಟೊನ ಹೆಸರು. ಬೆಲ್‌ನ ಬೇರೆ ಬ್ಯಾಟನ್ನೇ ಇಡಬಹುದಿತ್ತಲ್ಲ? ಅವೆಲ್ಲವೂ ಕಾರ್ಕ್ ತುಂಬಿದವೇ ಆಗಿದ್ದವು ಎಂದು ಗ್ರಿಮ್ಸ್‌ಲಿ 1999ರಲ್ಲಿ ಬಾಯಿಬಿಟ್ಟ. ಕಡೆಗೆ ಅಸಲಿ ಬ್ಯಾಟನ್ನು ತರಿಸಿ ಗರಗಸದಿಂದ ಸೀಳಿದಾಗ ಗುಟ್ಟು ರಟ್ಟಾಯಿತು. ಬೆಲ್‌ಗೆ ಏಳು ಪಂದ್ಯಗಳ ನಿಷೇಧ.

ಇಷ್ಟೆಲ್ಲ ಸಾಹಸದಿಂದ ಲಾಭವೇನು? ಭೌತವಿಜ್ಞಾನಿ ಅಲನ್ ನೇಥನ್ ಮತ್ತು ಸಂಗಡಿಗರು ಪ್ರಯೋಗ ಮಾಡಿ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಮೋಸಗಾರರಿಗೆ ನಿರಾಶೆ ತರುವಂಥದ್ದು. ಕಾರ್ಕ್ ತುಂಬಿದ ಬ್ಯಾಟಿನಿಂದ ಚೆಂಡು ಹೆಚ್ಚು ದೂರ ಹೋಗುವುದಿಲ್ಲ. ತೂಕ ತಗ್ಗಿದ್ದರಿಂದ ಬ್ಯಾಟನ್ನು ಬೇಗ ಬೀಸಬಹುದು, ನಿಜ. ಆದರೆ ಹಗುರವಾದ ಬ್ಯಾಟು ಚೆಂಡಿಗೆ ಕೊಡುವ ಪೆಟ್ಟೂ ಅಷ್ಟಕ್ಕಷ್ಟೇ. ಕಾರ್ಕ್ ಚೆಂಡನ್ನು ಸ್ಪ್ರಿಂಗಿನಂತೆ ಚಿಮ್ಮಿಸುತ್ತದೆ ಎಂಬುದಂತೂ ಬರೀ ನಂಬಿಕೆ. ಬೀಸುವ ಮೊದಲು ಚೆಂಡನ್ನು ಒಂದು ಕ್ಷಣ ಹೆಚ್ಚು ನೋಡಲು ಸಿಗುವ ಅವಕಾಶವೊಂದೇ ಬಂದರೆ ಬಂದ ಲಾಭ.

ಅಭ್ಯಾಸದ ವೇಳೆ ಜನರನ್ನು ರಂಜಿಸಲು ಇಟ್ಟುಕೊಂಡಿದ್ದ ಬ್ಯಾಟು ಕೈತಪ್ಪಿ ಬಂತು ಎಂದು ಸೋಸಾ ಹೇಳಿ ಕ್ಷಮೆ ಕೇಳಿದ. ಅವನ ಇತರ 76 ಬ್ಯಾಟುಗಳನ್ನು ಎಕ್ಸ್‌ರೇ ಮಾಡಿದಾಗ ಒಂದರಲ್ಲೂ ದೋಷ ಸಿಗಲಿಲ್ಲ. ಎಂಟು ಪಂದ್ಯಗಳ ನಿಷೇಧ ಮೇಲ್ಮನವಿಯ ನಂತರ ಏಳಕ್ಕಿಳಿಯಿತು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಜನ 66ರ ಲೆಕ್ಕವನ್ನು ಹೊಸದಾಗಿ ನೋಡತೊಡಗಿದ್ದರು. ಮುಂದೆ ನಿಷಿದ್ಧ ಔಷಧಿಯ ಶಂಕೆಯೂ ಅದಕ್ಕೆ ಸೇರಿಕೊಂಡಿತು.

ಇದೇ ಮೆಕ್ಲೆಲಂಡ್ 1983ರಲ್ಲಿ ಜಾರ್ಜ್ ಬ್ರೆಟ್‌ನ ಹೋಂ ರನ್ ರದ್ದುಮಾಡಿದ್ದ. ಬ್ಯಾಟಿನ ಹಿಡಿಗೆ ಸವರಿದ ರಾಳ ಮಿತಿ ಮೀರಿತ್ತೆಂಬುದು ಕಾರಣ. ರೊಚ್ಚಿಗೆದ್ದು ಓಡಿಬಂದ ಬ್ರೆಟ್‌ನ ಚಿತ್ರ ಇಂದಿಗೂ ಜನರಿಗೆ ನಗು ತರಿಸುತ್ತದೆ. ಲೀಗಿನ ಅಧ್ಯಕ್ಷ ಅಂಪೈರ್ ತೀರ್ಪನ್ನು ತಳ್ಳಿಹಾಕಿದ. 1999ರಲ್ಲಿ ಬ್ರೆಟ್ ಬೇಸ್‌ಬಾಲಿನ ಗೌರವ ಸಭಾಂಗಣ 'ಹಾಲ್ ಆಫ್ ಫೇಮ್' ಸೇರಿದ. ಎಲ್ಲರಿಗೂ ಕಾಣುವಂತೆ ಹಿಡಿಗೆ ಬಳಿದದ್ದನ್ನು ಜನ ಕ್ಷಮಿಸಿದರು, ಒಳಗೆ ಅಡಗಿಸಿದ್ದನ್ನು ಕ್ಷಮಿಸಲಿಲ್ಲ.

ಒಟ್ಟು 609 ಹೋಂ ರನ್ ಹೊಡೆದ ಸೋಸಾನಿಗೆ ಆ ಸಭಾಂಗಣಕ್ಕೆ ಬೇಕಾದದ್ದು ಶೇಕಡಾ 75 ಮತ. ಮತಪಟ್ಟಿಯಲ್ಲಿದ್ದ ಕೊನೆಯ ವರ್ಷವಾದ 2022ರಲ್ಲಿ ದೊರೆತದ್ದು ಶೇಕಡಾ 18.5. ದೂರವಿಟ್ಟಿದ್ದ ಕಬ್ಸ್ ತಂಡ ಅವನನ್ನು ಮತ್ತೆ ಕರೆಸಿಕೊಂಡದ್ದು 2025ರಲ್ಲಿ, ತನ್ನಿಂದ ತಪ್ಪುಗಳಾಗಿವೆ ಎಂದು ಅವನು ಬಹಿರಂಗ ಹೇಳಿಕೆ ಕೊಟ್ಟ ಮೇಲೆ.