ಬಂಡೆಯ ಮೇಲೆ ಒಬ್ಬ ಅರಸನ ಆತ್ಮಾವಲೋಕನ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಕಿರು ಬಂಡೆಶಾಸನಗಳಿವೆ. ಕ್ರಿ.ಪೂ. 3ನೇ ಶತಮಾನದ ಇವು 1931ರಲ್ಲಿ ಪತ್ತೆಯಾದವು. ಆಗ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿನ ಪುರಾತತ್ವ ಇಲಾಖೆ 1932ರಲ್ಲಿ ಇವುಗಳನ್ನು ಪ್ರಕಟಿಸಿತು.

ಶಾಸನವೆಂದರೆ ರಾಜನ ಗುಣಗಾನವೆಂದು ನಾವು ತಿಳಿದಿರುತ್ತೇವೆ. ಗವಿಮಠದ ಶಾಸನ ಹಾಗಿಲ್ಲ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷವಾದರೂ ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲವೆಂದು ಅಶೋಕನೇ ಒಪ್ಪಿಕೊಳ್ಳುತ್ತಾನೆ. ಸಂಘದ ಸಂಪರ್ಕಕ್ಕೆ ಬಂದ ಮೇಲೆ ಹೆಚ್ಚು ಶ್ರಮಿಸಿದೆನೆನ್ನುತ್ತಾನೆ. ಶ್ರಮಿಸಿದರೆ ದೊಡ್ಡವರಷ್ಟೇ ಅಲ್ಲ, ಸಾಮಾನ್ಯನೂ ಸ್ವರ್ಗ ಪಡೆಯಬಲ್ಲನೆಂದು ಸಾರುತ್ತಾನೆ.

ಬದುಕನ್ನು ಪರೀಕ್ಷಿಸಿಕೊಳ್ಳಬೇಕೆಂದು ಗ್ರೀಸಿನ ಸಾಕ್ರಟಿಸ್ ಹೇಳಿದ್ದನ್ನು ನಾವು ಓದಿದ್ದೇವೆ. ಹಾಗೆ ಮಾಡಿ ತೋರಿಸಿದ ಅರಸನ ಮಾತು ನಮ್ಮೂರ ಬಂಡೆಯ ಮೇಲೆಯೇ ಇದೆ. ವಿದ್ಯಾರ್ಥಿಗಳೇ, ಕಳೆದ ವರ್ಷ ಎಲ್ಲಿ ಸೋಮಾರಿಯಾದೆ ಎಂದು ತನ್ನನ್ನೇ ಕೇಳಿಕೊಂಡು ಮತ್ತೆ ಶ್ರಮಿಸುವುದೂ ತತ್ವಜ್ಞಾನವೇ.