ದೆವ್ವ ಹಿಡಿಯುವ ಗಾಡಿಯ ಪೂರ್ವಜನ್ಮ

ಅಮೆರಿಕದ ಊರುಗಳ ಮೆರವಣಿಗೆಗಳಲ್ಲಿ ಒಮ್ಮೊಮ್ಮೆ ವಿಚಿತ್ರವಾದ ಪಿಕಪ್ ಗಾಡಿಯೊಂದು ಕಾಣಸಿಗುತ್ತದೆ. ಮೈಗೆಲ್ಲ ಬಿಳಿ ಬಣ್ಣ, ಅಲ್ಲಲ್ಲಿ ಕೆಂಪು ಪಟ್ಟಿ, ಬಾಗಿಲ ಮೇಲೆ ಕೆಂಪು ವೃತ್ತದಲ್ಲಿ ಸಿಕ್ಕಿಬಿದ್ದ ಬಿಳಿ ದೆವ್ವ. ಸರಕು ಹೇರಬೇಕಾದ ಹಿಂಬದಿಯಲ್ಲಿ ಕೊಳವೆಗಳು, ಮೀಟರುಗಳು, ತಿರುಗುವ ದೀಪಗಳು. ಗಾಡಿಯಲ್ಲಿರುವವರು ಮಂತ್ರವಾದಿಗಳಲ್ಲ, ಒಂದು ಚಲನಚಿತ್ರದ ಅಭಿಮಾನಿಗಳು. ಈ ವೇಷ ಮೇಲ್ನೋಟಕ್ಕೆ ಹುಡುಗಾಟದಂತೆ ಕಂಡರೂ ಅದರ ಹಿಂದೆ ಅಮೆರಿಕದ ಆಂಬುಲೆನ್ಸ್‌ನ ಮರೆತುಹೋದ ಚರಿತ್ರೆ ಇದೆ.

ಆ ಚಿತ್ರ 1984ರ ಜೂನ್‌ನಲ್ಲಿ ತೆರೆಕಂಡ 'ಘೋಸ್ಟ್‌ಬಸ್ಟರ್ಸ್'. ಡ್ಯಾನ್ ಆಕ್ರಾಯ್ಡ್ ಮತ್ತು ಹೆರಾಲ್ಡ್ ರಾಮಿಸ್ ಬರೆದ ಕಥೆ, ಐವನ್ ರೈಟ್‌ಮನ್ ನಿರ್ದೇಶನ. ವಿಶ್ವವಿದ್ಯಾಲಯದಿಂದ ಹೊರದಬ್ಬಿಸಿಕೊಂಡ ಮೂವರು ಸಂಶೋಧಕರು ನ್ಯೂಯಾರ್ಕಿನ ಹಳೆಯ ಅಗ್ನಿಶಾಮಕ ಠಾಣೆಯೊಂದರಲ್ಲಿ ದೆವ್ವ ಹಿಡಿಯುವ ಅಂಗಡಿ ತೆರೆಯುತ್ತಾರೆ. ಅವರಲ್ಲೊಬ್ಬ 4,800 ಡಾಲರ್ ಕೊಟ್ಟು 1959ರ ಮುದಿ ಕ್ಯಾಡಿಲಾಕ್ ಒಂದನ್ನು ತರುತ್ತಾನೆ. ಬ್ರೇಕಿನಿಂದ ಹಿಡಿದು ಗೇರ್‌ಬಾಕ್ಸ್‌ವರೆಗೆ ಅದರ ರಿಪೇರಿಯ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅದೇ ಮುಂದೆ 'ಎಕ್ಟೋ-1' ಎಂದು ಹೆಸರಾಯಿತು.

ಆ ಗಾಡಿಗೆ ಮೈಕಟ್ಟು ಕೂಡಿಸಿದ್ದು ಒಹಾಯೊ ರಾಜ್ಯದ ಮಿಲ್ಲರ್-ಮೀಟಿಯರ್ ಕಂಪನಿ. ಕ್ಯಾಡಿಲಾಕ್‌ನ ಉದ್ದನೆಯ ಚಾಸಿಯ ಮೇಲೆ ಅದು ಆಂಬುಲೆನ್ಸ್‌ಗಳನ್ನೂ ಶವವಾಹನಗಳನ್ನೂ ಕಟ್ಟುತ್ತಿತ್ತು. ಇವೆರಡೂ ಒಂದೇ ಕಾರ್ಖಾನೆಯಿಂದ ಬರುತ್ತಿದ್ದುದಕ್ಕೆ ಕಾರಣವಿದೆ. ಮನುಷ್ಯನನ್ನು ಮಲಗಿಸಿ ಒಯ್ಯಬಲ್ಲ ಗಾಡಿ ಆಗಿನ ಸಣ್ಣ ಊರುಗಳಲ್ಲಿ ಇರುತ್ತಿದ್ದುದು ಅಂತ್ಯಕ್ರಿಯೆಯ ವ್ಯವಸ್ಥೆ ಮಾಡುವವನ ಹತ್ತಿರ ಮಾತ್ರ. ಹೀಗಾಗಿ ಅಪಘಾತವಾದರೂ ಅವನಿಗೇ ಫೋನು ಹೋಗುತ್ತಿತ್ತು. ಎರಡೂ ಕೆಲಸಕ್ಕೆ ಒದಗುವಂತೆ ತೆಗೆದಿಡಬಹುದಾದ ದೀಪವುಳ್ಳ ಗಾಡಿಗಳೂ ತಯಾರಾದವು. ರೋಗಿ ಬದುಕಿದರೆ ಒಂದು ಬಾಡಿಗೆ, ಸತ್ತರೆ ಇನ್ನೊಂದು ಎಂದು ಕುಹಕಿಗಳು ಆಡಿಕೊಳ್ಳಲು ಇಷ್ಟು ಸಾಕಲ್ಲವೆ?

ಇದು ಬರಿಯ ಕುಹಕದ ಮಾತಾಗಿ ಉಳಿಯಲಿಲ್ಲ. 1965ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು ಸುಮಾರು 49,000 ಮಂದಿ. ಮರುವರ್ಷ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಪ್ರಕಟಿಸಿದ ವರದಿ, ದೇಶದ ಆಂಬುಲೆನ್ಸ್ ಸೇವೆಯ ಸುಮಾರು ಅರ್ಧದಷ್ಟು ಶವಸಂಸ್ಕಾರದ ವೃತ್ತಿಯವರ ಕೈಯಲ್ಲಿದೆ ಎಂದು ತೋರಿಸಿಕೊಟ್ಟಿತು. ಗಾಡಿ ಇತ್ತು, ಚಿಕಿತ್ಸೆ ಇರಲಿಲ್ಲ. ಕಾರಿನ ತಗ್ಗು ಚಾವಣಿಯ ಕೆಳಗೆ, ಓಡುವ ಗಾಡಿಯಲ್ಲಿ ರೋಗಿಯ ಎದೆ ಒತ್ತಿ ಉಸಿರಾಡಿಸಲು ಸರಿಯಾದ ಜಾಗವೂ ಇರಲಿಲ್ಲ. ಅದೇ 1966ರಲ್ಲಿ ಹೆದ್ದಾರಿ ಸುರಕ್ಷಾ ಕಾಯಿದೆ ಬಂತು. 1974ರಲ್ಲಿ ಆಂಬುಲೆನ್ಸ್‌ನ ರಚನೆಗೆ ಕೇಂದ್ರ ಸರ್ಕಾರದ ಮಾನದಂಡಗಳು ಬಂದವು. ಎಪ್ಪತ್ತರ ದಶಕ ಮುಗಿಯುವ ವೇಳೆಗೆ ಆ ಸೊಗಸಾದ ಕ್ಯಾಡಿಲಾಕ್‌ಗಳ ಕಾಲ ಮುಗಿದಿತ್ತು. ವ್ಯಾನುಗಳೂ, ಪಿಕಪ್ ಚಾಸಿಯ ಮೇಲೆ ಎತ್ತರದ ಪೆಟ್ಟಿಗೆ ಕೂರಿಸಿದ ಗಾಡಿಗಳೂ ಅವುಗಳ ಜಾಗ ಹಿಡಿದವು.

ಚಿತ್ರದ ಹಾಸ್ಯದ ಬೇರು ಇರುವುದು ಇಲ್ಲಿಯೇ. 1984ರಲ್ಲಿ ಅಂಥ ಗಾಡಿ ಯಾರಿಗೂ ಬೇಡವಾದ ಹಳೆಯ ಸಾಮಾನು. ಕೈಯಲ್ಲಿ ಕಾಸಿಲ್ಲದವರು ಕೊಳ್ಳುವುದು ಅದನ್ನೇ. ಜೀವವಿದ್ದವರನ್ನೂ ಇಲ್ಲದವರನ್ನೂ ಹೊತ್ತು ತಿರುಗಿದ ಗಾಡಿಗೆ, ಸತ್ತ ಮೇಲೂ ಹೋಗದೆ ಉಳಿದವರ ಬೆನ್ನಟ್ಟುವ ಕೆಲಸ ಸಹಜವಾಗಿಯೇ ಒಪ್ಪಿತು.

ಅಭಿಮಾನಿಗಳ ತೊಡಕು ಬೇರೆ. ಕ್ಯಾಡಿಲಾಕ್ 1959ರಲ್ಲಿ ಮಾಡಿದ ಅಂಥ ಚಾಸಿಗಳು ಎರಡು ಸಾವಿರಕ್ಕಿಂತ ತುಸು ಹೆಚ್ಚು, ಅಷ್ಟೆ. ಅವುಗಳಲ್ಲಿ ಉಳಿದವು ಕೆಲವೇ. ಅವುಗಳ ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ. ಚಿತ್ರದಲ್ಲಿ ವ್ಯಾಪಾರ ಬೆಳೆದು ಊರೂರಿಗೆ ಶಾಖೆ ತೆರೆಯುವ ಕನಸು ಇದೆ. ಅಭಿಮಾನಿಗಳ ತಂಡಗಳು ಅದನ್ನು ನಿಜವೆಂದೇ ಹಿಡಿದು ತಮ್ಮನ್ನು 'ಫ್ರಾಂಚೈಸಿ' ಎಂದು ಕರೆದುಕೊಳ್ಳುತ್ತವೆ; ದೆವ್ವದ ಲಾಂಛನಕ್ಕೆ ತಮ್ಮ ರಾಜ್ಯದ ಗುರುತನ್ನೂ ಸೇರಿಸಿಕೊಳ್ಳುತ್ತವೆ. ಗಾಡಿಗೆ ಮಾತ್ರ ಮನೆಯಲ್ಲಿರುವುದೇ ಗತಿ: ಹಳೆಯ ಸ್ಟೇಷನ್ ವ್ಯಾಗನ್, ಜೀಪು ಅಥವಾ ಪಿಕಪ್. ಕೆಂಪು ದೀಪ, ಸೈರನ್‌ಗಳನ್ನು ರಾಜ್ಯಗಳ ಕಾನೂನು ತುರ್ತು ವಾಹನಗಳಿಗೆ ಮೀಸಲಿಟ್ಟಿರುವುದರಿಂದ ಅವನ್ನು ರಸ್ತೆಯಲ್ಲಿ ಮನಬಂದಂತೆ ಬಳಸುವಂತಿಲ್ಲ.

ಕ್ಯಾಡಿಲಾಕ್ ಅಲ್ಲದ್ದು ಎಕ್ಟೋ ಹೇಗಾದೀತು ಎಂದು ಮಡಿವಂತರು ಕೇಳಬಹುದು. ಚರಿತ್ರೆ ಪಿಕಪ್‌ನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಆಂಬುಲೆನ್ಸ್ ಕ್ಯಾಡಿಲಾಕ್‌ನಿಂದ ಇಳಿದು ಹತ್ತಿದ್ದು ಪಿಕಪ್‌ನ ಚಾಸಿಯನ್ನೇ. 2021ರ ಚಿತ್ರದಲ್ಲಿ ಕಥೆಯೂ ನ್ಯೂಯಾರ್ಕ್ ಬಿಟ್ಟು ಒಕ್ಲಹೋಮಾದ ಹೊಲಗದ್ದೆಗಳ ಕಡೆ, ಅಂದರೆ ಪಿಕಪ್‌ಗಳ ನಾಡಿಗೇ ನಡೆಯಿತು.

ಈ ತಂಡಗಳು ಕೇವಲ ಮೆರೆದಾಡಿಕೊಂಡಿರುವುದಿಲ್ಲ. ದಾನಕ್ಕೆ ಹಣ ಕೂಡಿಸುತ್ತವೆ, ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತವೆ. ಹಿಂದೊಮ್ಮೆ ಆಸ್ಪತ್ರೆಯ ಬಾಗಿಲಲ್ಲಿ ಈ ವಂಶದ ಗಾಡಿ ಬಂದು ನಿಂತರೆ, ಅದು ಯಾವ ಕೆಲಸಕ್ಕೆ ಬಂದಿದೆಯೋ ಎಂದು ನೋಡುವವರು ದಿಗಿಲುಪಡುತ್ತಿದ್ದರು. ಇಂದು ಅದೇ ಬಾಗಿಲಲ್ಲಿ ಮಕ್ಕಳು ಅದನ್ನು ಕಾಯುತ್ತಾರೆ.