ತುರಿಕೆಗೆ ಗೋವಾ ಪುಡಿ

ಸೋರಿಯಾಸಿಸ್ ತುರಿಕೆ ನಿದ್ದೆಗೆಡಿಸುವ ಪರಿ ಅನುಭವಿಸಿದವರಿಗೇ ಗೊತ್ತು. ಅದರ ಒಂದು ಮದ್ದಿನ ಜಾಡು ಹಿಡಿದರೆ ಮುಂಬಯಿಗೆ ಬರುತ್ತೀರಿ! 19ನೇ ಶತಮಾನದಲ್ಲಿ ಇಲ್ಲಿ ಹುಳುಕಡ್ಡಿಗೆ ‘ಗೋವಾ ಪುಡಿ’ ಹಚ್ಚುತ್ತಿದ್ದರು. ಹೆಸರಷ್ಟೇ ಗೋವಾದ್ದು, ಪುಡಿ ಬ್ರೆಜಿಲ್‌ನ ಮರದ್ದು. ತನಗಿರುವುದು ಹುಳುಕಡ್ಡಿಯೆಂದುಕೊಂಡು ರೋಗಿಯೊಬ್ಬ ಅದನ್ನು ಹಚ್ಚಿಕೊಂಡ, ಇಳಿದದ್ದು ಸೋರಿಯಾಸಿಸ್! 1876ರಲ್ಲಿ ಲಂಡನ್ನಿನ ವೈದ್ಯ ಬಾಲ್ಮನೋ ಸ್ಕ್ವೈರ್ ಇದನ್ನು ಗಮನಿಸಿದರು. ಪುಡಿಯಿಂದ ಬಟ್ಟೆಯೆಲ್ಲ ಕಲೆ, ಚರ್ಮ ಉರಿ. ಕಣ್ಣಿಗೆ ತಾಗಿದರಂತೂ ಕೇಳಲೇಬೇಡಿ. 1916ರಲ್ಲಿ ಜರ್ಮನಿಯಲ್ಲಿ ಇದರ ಬದಲಿಗೆ ಬಂದ ಡಿಥ್ರನಾಲ್ ಈಗಲೂ ಬಳಕೆಯಲ್ಲಿದೆ.

ಆದರೆ ಆ ರೋಗಿಯಂತೆ ನೀವೇ ವೈದ್ಯರಾಗಬೇಡಿ. ಹುಳುಕಡ್ಡಿಗೆ ಅಂಗಡಿಯಿಂದ ಸ್ಟೆರಾಯ್ಡ್ ಮುಲಾಮು ತಂದು ಹಚ್ಚಿದರೆ ತುರಿಕೆ ತಗ್ಗುತ್ತದೆ, ರೋಗ ಹಬ್ಬುತ್ತದೆ. ಸೋರಿಯಾಸಿಸ್ ಇದ್ದವರು ಕೆರೆದಲ್ಲಿ ಹೊಸ ಮಚ್ಚೆ ಏಳಬಹುದು, ಉಗುರು ಕತ್ತರಿಸಿಕೊಳ್ಳಿ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಮೈ ಹಸಿಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಿ.